ಮೈಕಿನಲ್ಲಿ ಹೇಳಿದ್ದು ಸಾಲದು: ಪರಿಸರ ಆಲಿಕೆಗೆ ಆಕ್ಷೇಪಣೆ, ಆಮೇಲಿನ ಮೇಲ್ಮನವಿಗೆ ದಾಖಲೆ

ಊರ ಪಕ್ಕದಲ್ಲಿ ಗಣಿ, ಡಿಸ್ಟಿಲರಿ, ವಿದ್ಯುತ್ ಯೋಜನೆ ಅಥವಾ ಹೆದ್ದಾರಿ ಬರುತ್ತದೆ ಎನ್ನುವ ಸುದ್ದಿ ಮೊದಲು ಓಡಾಡುವುದು ಚಹಾದಂಗಡಿಯಲ್ಲಿ. ಸರ್ಕಾರದ ಕಡೆಯಿಂದ ಅದು ಬರುವುದು ಪತ್ರಿಕೆಯ ಒಳಪುಟದ ಸಣ್ಣ ಅಕ್ಷರದ ಪ್ರಕಟಣೆಯಾಗಿ: ಇಂಥ ದಿನ, ಇಂಥ ಜಾಗದಲ್ಲಿ ‘ಪರಿಸರ ಸಾರ್ವಜನಿಕ ಆಲಿಕೆ’. ಆ ದಿನ ಶಾಮಿಯಾನ ಏಳುತ್ತದೆ, ಪೊಲೀಸ್ ವ್ಯಾನು ನಿಲ್ಲುತ್ತದೆ, ಮೈಕಿಗಾಗಿ ಎಳೆದಾಟ ನಡೆಯುತ್ತದೆ. ಊರವರು ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿ ಹಗುರಾಗಿ ಮನೆಗೆ ಹೋಗುತ್ತಾರೆ. ಮುಂದೆ ಯೋಜನೆಗೆ ಅನುಮತಿ ಸಿಕ್ಕಿ, ಅದೇ ಊರವರು ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠದ ಮೆಟ್ಟಿಲು ಹತ್ತಿದಾಗ ವಕೀಲರು ಕೇಳುವ ಮೊದಲ ಪ್ರಶ್ನೆ ಒಂದೇ: ಇದನ್ನು ಆಗಲೇ ಬರೆದು ಕೊಟ್ಟಿದ್ದಿರಾ? ಸ್ವೀಕೃತಿ ಎಲ್ಲಿದೆ?

ಬರೆದು ಕೊಡದ ವಿಷಯವನ್ನು ಮೇಲ್ಮನವಿಯಲ್ಲಿ ಎತ್ತಲೇಬಾರದು ಎಂದೇನೂ ಇಲ್ಲ. ಆದರೆ ‘ನಾವು ಪುಟದ ಸಂಖ್ಯೆ ಸಹಿತ ಹೇಳಿದ್ದೆವು, ನೀವು ಉತ್ತರ ಕೊಡದೆ ಅನುಮತಿ ಕೊಟ್ಟಿರಿ’ ಎನ್ನುವ ವಾದದ ತೂಕ ಬೇರೆ. 2009ರಲ್ಲಿ ದೆಹಲಿ ಹೈಕೋರ್ಟ್ ಗೋವಾದ ಗಣಿಯೊಂದರ ಪ್ರಕರಣದಲ್ಲಿ, ಉತ್ಕರ್ಷ್ ಮಂಡಲ್ ತೀರ್ಪು ಎಂದೇ ಹೆಸರಾದುದರಲ್ಲಿ, ಜನರ ಆಕ್ಷೇಪಣೆಗಳನ್ನು ಯಾಕೆ ಒಪ್ಪಿದೆವು ಅಥವಾ ಯಾಕೆ ತಳ್ಳಿಹಾಕಿದೆವು ಎಂಬುದಕ್ಕೆ ಅನುಮತಿಗೆ ಶಿಫಾರಸು ಮಾಡುವ ತಜ್ಞರ ಸಮಿತಿ ಕಾರಣ ಕೊಡಬೇಕು ಎಂದಿತು. ಕಾರಣ ಕೇಳುವ ಹಕ್ಕು ಕೆಲಸಕ್ಕೆ ಬರಬೇಕಾದರೆ ಆಕ್ಷೇಪಣೆ ಕಡತದಲ್ಲಿ ಇರಬೇಕು. ಹೀಗಾಗಿ ಆಲಿಕೆಗೆ ಬರೆಯುವ ಪತ್ರವನ್ನು ಮೇಲ್ಮನವಿಯ ಮೊದಲ ಕರಡು ಎಂದುಕೊಂಡೇ ಬರೆಯಿರಿ. ಅದನ್ನು ಓದುವವರು ನಿಮ್ಮ ಊರನ್ನು ಕಂಡವರಲ್ಲ, ಮುಂದೆ ಕಾಣುವವರೂ ಅಲ್ಲ.

ಯಾವ ಅರ್ಜಿ, ಯಾರಿಗೆ

ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಜಮೀನು ಹೋಗುತ್ತದೆ ಎಂಬ ಆಕ್ಷೇಪಣೆಗೂ ಪರಿಸರದ ಆಕ್ಷೇಪಣೆಗೂ ದಾರಿಗಳು ಬೇರೆ ಬೇರೆ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಟರೆ 60 ದಿನದೊಳಗೆ ಜಿಲ್ಲಾಧಿಕಾರಿಗೆ ಆಕ್ಷೇಪಣೆ ಕೊಡಬೇಕು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕಾಯ್ದೆಯಡಿ ನೋಟಿಸು ಬಂದರೆ ಅದು ಕೈಗೆ ಮುಟ್ಟಿದ 30 ದಿನದೊಳಗೆ ಕಾರಣ ತೋರಿಸಬೇಕು. ನಗರದ ಮಹಾಯೋಜನೆಯ ಕರಡಿಗೆ ಸಲ್ಲಿಸುವ ಆಕ್ಷೇಪಣೆ ಯೋಜನಾ ಪ್ರಾಧಿಕಾರಕ್ಕೆ ಹೋಗುತ್ತದೆ, ಅದರ ಗಡುವು ಪ್ರಕಟಣೆಯಲ್ಲೇ ಇರುತ್ತದೆ. ಪರಿಸರ ಆಲಿಕೆಯಲ್ಲಿ ‘ನಮ್ಮ ಭೂಮಿ ಕೊಡುವುದಿಲ್ಲ’ ಎಂದು ಬರೆದುಕೊಟ್ಟು, ಭೂಸ್ವಾಧೀನದ ನೋಟಿಸಿಗೂ ಅದೇ ಉತ್ತರವಾಯಿತು ಎಂದು ಸುಮ್ಮನೆ ಕುಳಿತ ರೈತರ ಕಥೆ ಬಹಳ ಊರುಗಳಲ್ಲಿ ಕೇಳಸಿಗುತ್ತದೆ. ಎರಡಕ್ಕೂ ಬೇರೆ ಬೇರೆ ಬರೆಯಬೇಕು.

ಇಲ್ಲಿ ಹೇಳುತ್ತಿರುವುದು ಪರಿಸರದ ದಾರಿಯ ಬಗ್ಗೆ. ಇದರ ಬುಡ 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆ. ದೊಡ್ಡ ಯೋಜನೆಗಳು ‘ಎ’ ವರ್ಗ, ಅವುಗಳ ತೀರ್ಮಾನ ದೆಹಲಿಯ ಸಚಿವಾಲಯದ್ದು. ‘ಬಿ’ ವರ್ಗ ರಾಜ್ಯದ ಪ್ರಾಧಿಕಾರಕ್ಕೆ ಸೇರಿದ್ದು. ‘ಬಿ’ಯಲ್ಲೇ ‘ಬಿ2’ ಎಂದು ಗುರುತಿಸಿದವಕ್ಕೆ, ಕಟ್ಟಡ ಮತ್ತು ಬಡಾವಣೆ ಯೋಜನೆಗಳಿಗೆ ಆಲಿಕೆಯೇ ಇಲ್ಲ. ಬೆಂಗಳೂರಿನ ಕೆರೆಯಂಚಿನ ಅಪಾರ್ಟ್‌ಮೆಂಟಿಗೆ ‘ಆಲಿಕೆ ಯಾವಾಗ’ ಎಂದು ಕಾಯುತ್ತ ಕೂತವರು ಕಾಯುತ್ತಲೇ ಇರಬೇಕಾಗುತ್ತದೆ. ಅಂಥ ಕಡೆ ರಾಜ್ಯ ಪ್ರಾಧಿಕಾರಕ್ಕೆ ನೇರವಾಗಿ ಪತ್ರ ಬರೆಯುವುದೊಂದೇ ಉಳಿದ ದಾರಿ.

ಮೂವತ್ತು ದಿನದ ಲೆಕ್ಕ

ಆಲಿಕೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು: ಒಂದು ರಾಷ್ಟ್ರೀಯ ದಿನಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆ. ಪತ್ರಿಕೆ ತಲುಪದ ಕಡೆ ಡಂಗುರ ಸಾರಿಸಿ ಇಲ್ಲವೇ ರೇಡಿಯೊದಲ್ಲಿ ಹೇಳಿಸಿ ತಿಳಿಸಬೇಕೆಂದೂ ಅಧಿಸೂಚನೆಯಲ್ಲಿದೆ. ಡಂಗುರ ನಿಮ್ಮ ಕಿವಿಗೆ ಬಿದ್ದಿಲ್ಲವೆಂದರೆ ಅದನ್ನೂ ಆಕ್ಷೇಪಣೆಯಲ್ಲಿ ಒಂದು ಸಾಲು ಬರೆದಿಡಿ. ಪ್ರಕಟಣೆ ಬಂದ ಪತ್ರಿಕೆಯ ಇಡೀ ಪುಟವನ್ನು ದಿನಾಂಕ ಕಾಣುವಂತೆ ಎತ್ತಿಡಿ. ಕತ್ತರಿಸಿದ ತುಣುಕಿನಲ್ಲಿ ದಿನಾಂಕ ಇರುವುದಿಲ್ಲ.

ಆ ಮೂವತ್ತು ದಿನದಲ್ಲಿ ಭಾನುವಾರಗಳೂ ಹಬ್ಬಗಳೂ ಸೇರಿವೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಕಂಪನಿ ಮಾಡಿಸಿದ ಪರಿಸರ ಪರಿಣಾಮ ಅಧ್ಯಯನದ (ಇಐಎ) ವರದಿ ತರಿಸಿಕೊಳ್ಳೋಣ ಎಂದು ಹೊರಟರೆ ಆ ಕಾಯ್ದೆಯ ಉತ್ತರದ ಗಡುವೇ 30 ದಿನ, ಅಲ್ಲಿಗೆ ಕೆಲಸ ಕೆಟ್ಟಿತು. ಕರಡು ವರದಿ ಮತ್ತು ಅದರ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಅಥವಾ ನಗರಾಡಳಿತ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಾಲಿನ್ಯ ನಿಯಂತ್ರಣ ಮಂಡಳಿ ಇಲ್ಲೆಲ್ಲ ನೋಡಲು ಸಿಗಬೇಕು. ಸಾರಾಂಶ ಕನ್ನಡದಲ್ಲೂ ಇರಬೇಕು. ನೇರವಾಗಿ ಹೋಗಿ ಕೂತು ಓದಿ. ಮಂಡಳಿಯ ಜಾಲತಾಣದಲ್ಲಿಯೂ ಪ್ರತಿ ಹಾಕಿರುತ್ತಾರೆ, ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಕಚೇರಿಯಲ್ಲಿ ‘ಇನ್ನೂ ಬಂದಿಲ್ಲ’ ಎಂದರೆ ಅಲ್ಲೇ ಕಾಗದದಲ್ಲಿ ‘ಇಂಥ ದಿನ ಬಂದು ಕೇಳಿದೆವು, ವರದಿ ಲಭ್ಯವಿರಲಿಲ್ಲ’ ಎಂದು ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡು ಬನ್ನಿ. ಮುಂದೆ ಮೇಲ್ಮನವಿ ಹಾಕಬೇಕಾಗಿ ಬಂದರೆ ಆ ಅರ್ಧ ಹಾಳೆ ಹತ್ತು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ, ಅದು ಮೇಲ್ಮನವಿಯ ಹೊತ್ತಿಗೆ ಬೇಕಾಗುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಮರಗಳ ಎಣಿಕೆಗೆ ಅರಣ್ಯ ಇಲಾಖೆಗೆ ಒಂದು, ನೀರಿನ ಹಂಚಿಕೆಗೆ ಸಂಬಂಧಪಟ್ಟ ನಿಗಮಕ್ಕೆ ಇನ್ನೊಂದು, ಹೀಗೆ ಬಿಡಿಬಿಡಿಯಾಗಿ ಹಾಕಬೇಕು.

ವರದಿಯನ್ನು ಎಲ್ಲಿಂದ ಓದಬೇಕು

ನಾನೂರು ಪುಟದ ಇಂಗ್ಲಿಷ್ ವರದಿ ಕಂಡರೆ ಯಾರಿಗೂ ಎದೆ ಝಲ್ಲೆನ್ನುತ್ತದೆ. ಇಡೀ ವರದಿ ಓದಬೇಕಾಗಿಲ್ಲ. ಇಐಎ ವರದಿಗೆ ಅಧಿಸೂಚನೆಯಲ್ಲೇ ಒಂದು ಅಚ್ಚು ಇದೆ. ಮೂರನೇ ಅಧ್ಯಾಯ ಈಗಿರುವ ಪರಿಸರದ ವಿವರಣೆ, ನಾಲ್ಕನೆಯದು ಆಗಲಿರುವ ಪರಿಣಾಮ, ಐದನೆಯದು ಬದಲಿ ಜಾಗ ಅಥವಾ ಬದಲಿ ವಿಧಾನ ಪರಿಶೀಲಿಸಿದ್ದರ ಬಗ್ಗೆ. ಊರವರಿಗೆ ಮೇವು ಇರುವುದು ಈ ಮೂರರಲ್ಲಿ. ಕೊನೆಯ ಅಧ್ಯಾಯದಲ್ಲಿ ವರದಿ ಮಾಡಿದ ಸಂಸ್ಥೆ ಯಾವುದು, ಯಾರ್‍ಯಾರು ಯಾವ ಭಾಗ ಬರೆದರು ಎಂಬುದಿದೆ. ಉಳಿದದ್ದನ್ನು ಕಾಲೇಜಿಗೆ ಹೋಗುವ ಮಕ್ಕಳ ಕೈಗೆ ಕೊಟ್ಟು ತಿರುವಿಹಾಕಿಸಿ.

ಮೂರನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಯೋಜನೆಯ ಸುತ್ತ ಸಾಮಾನ್ಯವಾಗಿ 10 ಕಿಲೋಮೀಟರ್ ಫಾಸಲೆಯ ಚಿತ್ರ ಅಲ್ಲಿರುತ್ತದೆ. ಅದರಲ್ಲಿ ನಿಮ್ಮ ಹಳ್ಳ, ಕಟ್ಟೆ, ದೇವರಕಾಡು, ಶಾಲೆ, ಕುಡಿಯುವ ನೀರಿನ ಬಾವಿ ಇವೆಯೇ? ಬಹುತೇಕ ವರದಿಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ, ಅಂದರೆ ಮೂರು ತಿಂಗಳ ಅಳತೆ ಸಾಕೆಂದಿದೆ. ಬಯಲುಸೀಮೆಯಲ್ಲಿ ಅದು ಹೇಗೋ ನಡೆದೀತು. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಲೆನಾಡಿನಲ್ಲಿ ಮಾರ್ಚಿನಲ್ಲಿ ಬಂದು ಹಳ್ಳ ಅಳೆದವರಿಗೆ ಬರಿಯ ಕಲ್ಲು ಕಾಣುತ್ತದೆ, ವರದಿಯಲ್ಲಿ ಅದು ‘ನೀರಿಲ್ಲದ ಕಾಲುವೆ’ ಆಗುತ್ತದೆ. ಇದಕ್ಕೆ ಉತ್ತರ ನಿಮ್ಮಲ್ಲೇ ಇದೆ: ಆಗಸ್ಟಿನಲ್ಲಿ ಅದೇ ಜಾಗದಲ್ಲಿ ತೆಗೆದ ಚಿತ್ರ, ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಯ ಲೆಕ್ಕ. ಆ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ.

ಪ್ರಾಣಿ-ಸಸ್ಯಗಳ ಪಟ್ಟಿಯನ್ನು ಊರಿನ ಹಿರಿಯರ ಮುಂದೆ ಗಟ್ಟಿಯಾಗಿ ಓದಿ ನೋಡಿ, ಇಲ್ಲಿಯದಲ್ಲದ ಹೆಸರು ಬಂದ ಕೂಡಲೇ ಅವರು ನಗುತ್ತಾರೆ. ಇದು ತಮಾಷೆಯ ಮಾತಲ್ಲ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಬಾಕ್ಸೈಟ್ ಗಣಿಯೊಂದಕ್ಕೆ ಮಾಡಿದ ವರದಿಯಲ್ಲಿ ರಷ್ಯಾದ ಬಾಕ್ಸೈಟ್ ಗಣಿಯ ವರದಿಯ ಭಾಗಗಳೇ ಬಂದು ಕೂತಿದ್ದುದು ಹಿಂದೆ ಬಯಲಾಗಿತ್ತು. ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಮಾಡಿಟ್ಟ ಜನತಾ ಜೀವವೈವಿಧ್ಯ ದಾಖಲಾತಿ ಇರುತ್ತದೆ. ಹೆಚ್ಚಿನ ಕಡೆ ಅದು ಬೀರುವಿನೊಳಗೆ ಧೂಳು ತಿನ್ನುತ್ತಿದೆ. ಸರ್ಕಾರವೇ ಮಾಡಿಸಿದ ಆ ದಾಖಲೆಯನ್ನು ಕಂಪನಿಯ ಪಟ್ಟಿಯ ಪಕ್ಕದಲ್ಲಿಟ್ಟರೆ ಹಳ್ಳಿಯವರ ಮಾತಿಗೆ ಸಾಕ್ಷಿ ಬೇರೆ ಬೇಕಿಲ್ಲ.

ಇಂಥ ಹೊಂದಿಸಿ ನೋಡುವ ಕೆಲಸ ಎಲ್ಲಿಗೆ ಮುಟ್ಟಬಲ್ಲದು ಎನ್ನುವುದಕ್ಕೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯೇ ಉದಾಹರಣೆ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಸುತ್ತಿಕೊಂಡು ಹೋಗುವ, ಸುಮಾರು 65 ಕಿಲೋಮೀಟರಿನ ಈ ಯೋಜನೆಗೆ 2014ರ ನವೆಂಬರಿನಲ್ಲಿ ಪರಿಸರ ಅನುಮತಿ ಸಿಕ್ಕಿತು. ಪ್ರಶ್ನಿಸಿದವರು ಹಿಡಿದದ್ದು ಘೋಷಣೆಯನ್ನಲ್ಲ, ಕಾಗದಗಳ ನಡುವಿನ ಬಿರುಕನ್ನು. ವರದಿಗೆ ಆಧಾರವಾದ ಅಳತೆಗಳು 2009ರ ಕೊನೆ ಮತ್ತು 2010ರ ಆರಂಭದವು, ವರದಿ ಮುಗಿದದ್ದು 2014ರಲ್ಲಿ. ಕಡಿಯಬೇಕಾದ ಮರಗಳು ಕೆಲವು ನೂರು ಎಂದು ಮೊದಲು ಹೇಳಿದ್ದು, ಆಮೇಲೆ ಹದಿನಾರು ಸಾವಿರ ದಾಟಿತು. ಅರಣ್ಯ ಭೂಮಿಯ ವಿಷಯದಲ್ಲೂ ಅರ್ಜಿಯಲ್ಲಿ ಹೇಳಿದ್ದಕ್ಕೂ ನೆಲದ ಸ್ಥಿತಿಗೂ ತಾಳೆಯಾಗಲಿಲ್ಲ. ಹಸಿರು ನ್ಯಾಯಮಂಡಳಿ 2019ರಲ್ಲಿ ಮತ್ತೆ ಅಧ್ಯಯನ ಮಾಡಿಸಿ ಎಂದಿತು. ಯೋಜನೆಯ ಹೊಣೆ ಹೊತ್ತ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬರೆದ ತೀರ್ಪೂ ಹೊಸದಾಗಿ ಪರಿಸರ ಅಧ್ಯಯನ ನಡೆಸುವಂತೆಯೇ ಹೇಳಿತು. ದಿನಾಂಕ, ಎಣಿಕೆ, ನಕ್ಷೆ: ಮೂರೂ ಯಾವ ಓದುಬರಹ ಬಲ್ಲವರಿಗೂ ನಿಲುಕುವಂಥವು.

ಬರೆಯುವಾಗ

ಆಲಿಕೆಗಳಲ್ಲಿ ಸಲ್ಲಿಕೆಯಾಗುವ ಪತ್ರಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: ‘ಈ ಯೋಜನೆಯಿಂದ ನಮ್ಮ ಪರಿಸರ ಸಂಪೂರ್ಣ ನಾಶವಾಗುತ್ತದೆ, ರೈತರು ಬೀದಿಪಾಲಾಗುತ್ತಾರೆ, ಆದ್ದರಿಂದ ಕೂಡಲೇ ಕೈಬಿಡಬೇಕು.’ ಮಾತು ನಿಜವೇ ಇರಬಹುದು. ಆದರೆ ಇದಕ್ಕೆ ಕಂಪನಿ ಕೊಡುವ ಉತ್ತರ ಸಿದ್ಧವಾಗಿರುತ್ತದೆ: ‘ಪರಿಸರ ನಿರ್ವಹಣಾ ಯೋಜನೆಯಲ್ಲಿ ಅಗತ್ಯ ಕ್ರಮ ಕೈಗೊಳ್ಳಲಾಗಿದೆ.’ ಎರಡು ಸಾಲಿನಲ್ಲಿ ನಿಮ್ಮ ಸಂಕಟ ಇತ್ಯರ್ಥವಾಯಿತು.

ಅದನ್ನೇ ಹೀಗೆ ಬರೆದರೆ: ‘ವರದಿಯ ಇಂಥ ಪುಟದಲ್ಲಿ ಗಣಿ ಜಾಗದಿಂದ 500 ಮೀಟರ್ ಒಳಗೆ ನೀರಿನ ಮೂಲವಿಲ್ಲ ಎಂದಿದೆ. ಸರ್ವೆ ನಂಬರು ಇಂಥದ್ದರ ಖರಾಬಿನಲ್ಲಿ ಹಳ್ಳವಿದೆ, ಗ್ರಾಮ ನಕ್ಷೆಯಲ್ಲಿ ಗುರುತಿದೆ, ನಕಲು ಅನುಬಂಧ 1. ಈ ಹಳ್ಳದಿಂದ ಪಂಚಾಯಿತಿಯ ಕುಡಿಯುವ ನೀರಿನ ಯೋಜನೆಗೆ ನೀರೆತ್ತುತ್ತಾರೆ, ಪಂಚಾಯಿತಿಯ ಪತ್ರ ಅನುಬಂಧ 2. ಗಣಿಯ ಹೂಳು ಇದಕ್ಕೆ ಸೇರದಂತೆ ಏನು ಮಾಡುತ್ತೀರಿ ಎಂಬುದು ವರದಿಯಲ್ಲಿಲ್ಲ. ಮಳೆಗಾಲದ ಅಳತೆಯೊಂದಿಗೆ ಈ ಭಾಗವನ್ನು ಮತ್ತೆ ಮಾಡಿಸಬೇಕು, ಅಲ್ಲಿಯ ತನಕ ಅನುಮತಿ ಶಿಫಾರಸು ಮಾಡಬಾರದು.’ ಇದಕ್ಕೆ ಅಚ್ಚು ಹಾಕಿದ ಉತ್ತರ ಸಾಲುವುದಿಲ್ಲ. ವರದಿ ಹೇಳುವುದೇನು, ನೆಲದಲ್ಲಿ ಇರುವುದೇನು, ಅದಕ್ಕೆ ದಾಖಲೆ ಯಾವುದು, ನಿಮ್ಮ ಬೇಡಿಕೆ ಏನು ಎಂಬ ನಾಲ್ಕೂ ಒಂದೇ ಪ್ಯಾರಾದಲ್ಲಿ ಬಂದಿವೆ. ಒಂದು ಪ್ಯಾರಾಕ್ಕೆ ಒಂದೇ ವಿಷಯ, ಪ್ರತಿ ಪ್ಯಾರಾಕ್ಕೂ ಸಂಖ್ಯೆ. ಸಂಖ್ಯೆ ಹಾಕಿದರೆ ‘ಏಳನೆಯದಕ್ಕೆ ಉತ್ತರವೇ ಬಂದಿಲ್ಲ’ ಎಂದು ಆಮೇಲೆ ಬೆರಳಿಟ್ಟು ತೋರಿಸಬಹುದು.

ಕನ್ನಡದಲ್ಲೇ ಬರೆಯಿರಿ. ಆಲಿಕೆಯ ನಡಾವಳಿ ಸ್ಥಳೀಯ ಭಾಷೆಯಲ್ಲೂ ಇರಬೇಕೆಂಬುದು ನಿಯಮ. ಯಾರೋ ಬರೆದುಕೊಟ್ಟ ಇಂಗ್ಲಿಷ್ ಪತ್ರಕ್ಕೆ ಸಹಿ ಹಾಕಿ, ಮೈಕಿನ ಮುಂದೆ ‘ಇದರಲ್ಲಿ ಏನಿದೆ ಹೇಳಿ’ ಎಂದು ಕೇಳಿದಾಗ ತಡವರಿಸುವ ಪೇಚು ಬೇಡ. ವಿಷಯ ತಾಂತ್ರಿಕವಾಗಿದ್ದರೆ ಭೂವಿಜ್ಞಾನಿಗಳಿಂದಲೋ ಸಸ್ಯಶಾಸ್ತ್ರದ ಮೇಷ್ಟ್ರಿಂದಲೋ ಪ್ರತ್ಯೇಕ ಟಿಪ್ಪಣಿ ಬರೆಸಿ ಅವರ ಸಹಿಯೊಂದಿಗೆ ಲಗತ್ತಿಸಿ. ಆಲಿಕೆಯಲ್ಲಿ ಮಾತಾಡುವುದು ಮುಖ್ಯವಾಗಿ ಸ್ಥಳೀಯರ ಹಕ್ಕು, ಲಿಖಿತ ಅಭಿಪ್ರಾಯ ಕೊಡುವ ಬಾಗಿಲು ಹೊರಗಿನ ಆಸಕ್ತರಿಗೂ ತೆರೆದಿದೆ. ಬೆಂಗಳೂರಿನಲ್ಲೋ ದುಬೈನಲ್ಲೋ ಕೆಲಸಕ್ಕಿರುವ ಊರಿನ ಮಕ್ಕಳಿಗೆ ಇದನ್ನು ತಿಳಿಸಿ.

ಒಂದೇ ಪತ್ರದ ಐನೂರು ಜೆರಾಕ್ಸಿಗೆ ಐನೂರು ಸಹಿ ಹಾಕಿಸುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ಅದರಿಂದ ಪತ್ರಿಕೆಗೆ ಸುದ್ದಿಯಾಗುತ್ತದೆ. ಕಡತದಲ್ಲಿ ಮಾತ್ರ ಅದು ಒಂದೇ ಆಕ್ಷೇಪಣೆ. ನನ್ನನ್ನು ಕೇಳಿದರೆ ಹತ್ತು ಜನ ಹತ್ತು ಬೇರೆ ವಿಷಯ ಹಂಚಿಕೊಂಡು ಬರೆಯುವುದೇ ಮೇಲು: ಅಡಿಕೆ ತೋಟದವರು ಧೂಳಿನ ಬಗ್ಗೆ, ದನ ಕಟ್ಟಿದವರು ಗೋಮಾಳದ ಬಗ್ಗೆ, ಅಂಗನವಾಡಿ ಕಾರ್ಯಕರ್ತೆ ಲಾರಿ ಓಡಾಡುವ ರಸ್ತೆಯ ಬಗ್ಗೆ, ಮೀನು ಹಿಡಿಯುವವರು ಹೊಳೆಯ ಬಗ್ಗೆ. ಇದರ ಮೇಲೆ ಗ್ರಾಮಸಭೆಯ ಠರಾವು ಒಂದಿರಲಿ, ನಡಾವಳಿ ಪುಸ್ತಕದ ದೃಢೀಕೃತ ನಕಲಿನೊಂದಿಗೆ.

ಅನುಬಂಧಗಳ ವಿಷಯದಲ್ಲಿ ಜಿಪುಣತನ ಒಳ್ಳೆಯದು. ಪಹಣಿ, ಗ್ರಾಮ ನಕ್ಷೆ, ಪಂಚಾಯಿತಿಯ ಪತ್ರ, ಚಿತ್ರಗಳು ಇದ್ದರೆ ಸಾಕು. ವಾಟ್ಸ್ಆ್ಯಪಿನಲ್ಲಿ ಬಂದ ಲೇಖನಗಳ ಕಟ್ಟು ಬೇಡ. ಚಿತ್ರಕ್ಕೆ ದಿನಾಂಕ, ಜಾಗ, ತೆಗೆದವರ ಹೆಸರು ಬರೆಯಿರಿ. ಸರ್ವೆ ನಂಬರು ಯಾವುದೆಂದು ಸ್ಥಳದಲ್ಲೇ ನಿಂತು ತಿಳಿಯಲು ದಿಶಾಂಕ್ ಆ್ಯಪ್ ಇದೆ. ಮೂಲ ಫೋಟೊ ಮೊಬೈಲಿನಿಂದ ಅಳಿಸಬೇಡಿ. ವಾಟ್ಸ್ಆ್ಯಪಿನಲ್ಲಿ ಹೋಗಿಬಂದ ಪ್ರತಿಯಲ್ಲಿ ತೆಗೆದ ಸಮಯ, ಸ್ಥಳದ ಗುರುತು ಉಳಿದಿರುವುದಿಲ್ಲ, ನ್ಯಾಯಮಂಡಳಿಯಲ್ಲಿ ಮೂಲವನ್ನೇ ಕೇಳಬಹುದು.

ಕೊಡುವುದು, ಕೊಟ್ಟದ್ದನ್ನು ಉಳಿಸಿಕೊಳ್ಳುವುದು

ಆಲಿಕೆಯ ದಿನಕ್ಕೆ ಕಾಯದೆ ಮೊದಲೇ, ಆಲಿಕೆ ನಡೆಸುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡಿ. ಎರಡು ಪ್ರತಿ ಒಯ್ದು ಒಂದಕ್ಕೆ ಮೊಹರು, ದಿನಾಂಕ, ಇನ್ವರ್ಡ್ ನಂಬರು ಹಾಕಿಸಿಕೊಳ್ಳಿ. ಅನುಬಂಧಗಳ ಪಟ್ಟಿ, ಒಟ್ಟು ಪುಟದ ಸಂಖ್ಯೆ ಮೊದಲ ಪುಟದಲ್ಲೇ ಇರಲಿ. ಇಲ್ಲವಾದರೆ ಮೊಹರು ಪತ್ರಕ್ಕೆ ಬಿದ್ದಿರುತ್ತದೆ, ನಕ್ಷೆ ಎಲ್ಲೋ ಕಳಚಿಹೋಗಿರುತ್ತದೆ. ಇನ್ನೊಂದು ಪ್ರತಿಯನ್ನು ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ಮಂಡಳಿಯ ಸದಸ್ಯ ಕಾರ್ಯದರ್ಶಿಗೆ, ಮತ್ತೊಂದನ್ನು ತೀರ್ಮಾನ ಮಾಡುವ ಪ್ರಾಧಿಕಾರಕ್ಕೆ ಅಂಚೆಯಲ್ಲಿ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಸ್ವೀಕೃತಿ ಸೇವೆ ಬೇಕೆಂದು ಅಂಚೆ ಕಚೇರಿಯಲ್ಲಿ ಬಾಯಿಬಿಟ್ಟು ಕೇಳಬೇಕು. ಇ-ಮೇಲ್ ಕಳಿಸಿದರೂ ಕಾಗದ ಬಿಡಬೇಡಿ.

ಆಲಿಕೆಗೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಕೋರಂ ಎಂಬುದಿಲ್ಲ. ಬಹಿಷ್ಕರಿಸಿ ಹೊರಗೆ ಕೂತರೆ ಒಳಗೆ ಇಪ್ಪತ್ತು ಜನರ ಮುಂದೆ ಆಲಿಕೆ ಮುಗಿದದ್ದೂ ಕಾನೂನಿನ ಕಣ್ಣಲ್ಲಿ ಆಲಿಕೆಯೇ. ಬಹಿಷ್ಕಾರ ಹಾಕುವುದೇ ಆದರೂ ಲಿಖಿತ ಆಕ್ಷೇಪಣೆ ಕೊಟ್ಟು ಹೊರಬನ್ನಿ. 2025ರ ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಆಲಿಕೆಗಳು ನಡೆದಾಗ ಮಲೆನಾಡು, ಕರಾವಳಿಗಳ ಜನ ಮಾತಿನ ಜೊತೆಗೆ ಕಾಗದವನ್ನೂ ಹಿಡಿದು ಬಂದಿದ್ದರು, ಅದು ಒಳ್ಳೆಯ ಲಕ್ಷಣ.

ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಯಲ್ಲಿ ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ ಅಂದೇ ಸಹಿ ಹಾಕಬೇಕು. ಊಟದ ಹೊತ್ತು ಮೀರಿ ಶಾಮಿಯಾನ ಖಾಲಿಯಾದಾಗ ನಡೆಯುವ ಈ ಓದನ್ನು ಕೇಳಲು ನಾಲ್ಕು ಜನ ಉಳಿಯಲೇಬೇಕು. ‘ಗ್ರಾಮಸ್ಥರು ಉದ್ಯೋಗ ಕೇಳಿದರು’ ಎಂಬ ಒಂದು ಸಾಲಿನಲ್ಲಿ ದಿನದ ಮಾತೆಲ್ಲ ಕರಗಿಹೋಗಿದ್ದರೆ ಅಲ್ಲೇ ಎದ್ದು ತಿದ್ದಿಸಿ. ತಿದ್ದದಿದ್ದರೆ ಮಾರನೆಯ ದಿನವೇ ಪತ್ರ ಬರೆಯಿರಿ, ನಡಾವಳಿಯ ಬಗ್ಗೆ ಪ್ರಾಧಿಕಾರಕ್ಕೆ ನೇರವಾಗಿ ಬರೆಯಲು ಅಧಿಸೂಚನೆಯಲ್ಲೇ ಅವಕಾಶವಿದೆ. ಆಲಿಕೆಯೇ ಅಣಕವಾಗಿತ್ತೆಂದು ತೋರಿಸಿಕೊಟ್ಟರೆ ಅನುಮತಿ ಬಿದ್ದುಹೋದದ್ದೂ ಉಂಟು: ಛತ್ತೀಸಗಢದ ರಾಯಗಢದಲ್ಲಿ 2008ರಲ್ಲಿ ನಡೆದ ಕಲ್ಲಿದ್ದಲು ಗಣಿಯ ಆಲಿಕೆಯ ಆಧಾರದ ಮೇಲೆ ಕೊಟ್ಟ ಅನುಮತಿಯನ್ನು ಹಸಿರು ನ್ಯಾಯಮಂಡಳಿ 2012ರಲ್ಲಿ ರದ್ದು ಮಾಡಿತು.

ಅನುಮತಿ ಬಂದ ಮೇಲೆ

ಜನ ‘ಇಸಿ’ ಎನ್ನುವ ಪರಿಸರ ಅನುಮತಿ ಹೊರಟ ಕೂಡಲೇ ಗಡಿಯಾರ ಶುರು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 16ನೇ ಕಲಮಿನಂತೆ ಆದೇಶ ತಿಳಿದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಡಕ್ಕೆ ಒಪ್ಪುವಂಥ ಕಾರಣವಿದ್ದರೆ ಇನ್ನೂ 60 ದಿನ ಕೊಡಬಹುದು. ಒಟ್ಟು 90 ದಿನ ದಾಟಿದರೆ ಎಷ್ಟೇ ನ್ಯಾಯವಾದ ಕಾರಣವಿದ್ದರೂ ಅದನ್ನು ಸ್ವೀಕರಿಸಲು ನ್ಯಾಯಮಂಡಳಿಗೇ ಅಧಿಕಾರವಿಲ್ಲ. ‘ನನಗೆ ಯಾರೂ ಹೇಳಲಿಲ್ಲ’ ಎಂಬ ಮಾತು ನಡೆಯುವುದು ಕಷ್ಟ. ಜಾಲತಾಣದಲ್ಲಿ ಹಾಕಿದ್ದು, ಪತ್ರಿಕೆಯಲ್ಲಿ ಪ್ರಕಟಿಸಿದ್ದು ತಿಳಿಸಿದಂತೆಯೇ ಲೆಕ್ಕ. ಆದ್ದರಿಂದ ಆಲಿಕೆ ಮುಗಿದ ಮೇಲೆ ಪ್ರತಿ ವಾರ ಕೇಂದ್ರದ ಪರಿವೇಶ್ ಜಾಲತಾಣ ನೋಡುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿ. ತಜ್ಞರ ಸಮಿತಿಯ ಸಭೆಯ ಕಾರ್ಯಸೂಚಿ, ನಡಾವಳಿಗಳೂ ಅಲ್ಲೇ ಬರುತ್ತವೆ. ನಿಮ್ಮ ಆಕ್ಷೇಪಣೆಯ ಬಗ್ಗೆ ಸಮಿತಿ ಏನೆಂದಿದೆ, ಅಥವಾ ಏನೂ ಎಂದಿಲ್ಲ, ಎಂಬುದು ಸಿಗುವುದು ಅಲ್ಲೇ.

ಬಾಧಿತರಾದ ಯಾರೇ ಆಗಲಿ, ಸಂಘವಾಗಲಿ ಮೇಲ್ಮನವಿ ಹಾಕಬಹುದು. ಪರಿಹಾರದ ಹಣ ಕೇಳದಿದ್ದರೆ ಶುಲ್ಕ 1000 ರೂಪಾಯಿ. ಕಲಾಪ ಇಂಗ್ಲಿಷಿನಲ್ಲಿ, ಹಾಗಾಗಿ ಕನ್ನಡದ ಪ್ರತಿ ಕಾಗದಕ್ಕೂ ಅನುವಾದ ಬೇಕು. ಖರ್ಚು ಮತ್ತು ಸಮಯ ತಿನ್ನುವುದು ಶುಲ್ಕವಲ್ಲ, ಈ ಅನುವಾದ. ಆಲಿಕೆಯ ಹೊತ್ತಿನಲ್ಲೇ ಮುಖ್ಯ ದಾಖಲೆಗಳ ಅನುವಾದ ಮಾಡಿಸಿಟ್ಟವರು 30 ದಿನದಲ್ಲಿ ಉಸಿರಾಡಬಲ್ಲರು. ವಕೀಲರಿಗೆ ಕೊಡುವ ಕಟ್ಟನ್ನು ದಿನಾಂಕದ ಅನುಕ್ರಮದಲ್ಲಿ ಜೋಡಿಸಿ, ಮೇಲೆ ಒಂದೂವರೆ ಪುಟದ ಘಟನಾವಳಿ ಇಡಿ: ಪ್ರಕಟಣೆ ಎಂದು, ವರದಿ ಕೇಳಿದ್ದು ಎಂದು, ಆಕ್ಷೇಪಣೆ ಕೊಟ್ಟದ್ದು ಎಂದು, ಆಲಿಕೆ ಎಂದು, ಸಮಿತಿಯ ಸಭೆ ಎಂದು, ಅನುಮತಿ ಎಂದು. ಅದರ ಕೆಳಗೆ ಆಕ್ಷೇಪಣೆಯ ಪ್ರತಿ ಪ್ಯಾರಾದ ಎದುರು ಕಂಪನಿಯ ಉತ್ತರ, ಸಮಿತಿಯ ಮಾತು. ಖಾಲಿ ಉಳಿದ ಜಾಗಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಕೆಲಸ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಬೇಕು. ಜೆಸಿಬಿ ಬಂದು ನಿಂತ ದಿನದಿಂದ ಪ್ರತಿ ವಾರ ಅದೇ ಜಾಗದಿಂದ ಚಿತ್ರ ತೆಗೆದಿಡಿ. ಅನುಮತಿ ಪತ್ರದಲ್ಲಿ ಹಾಕಿದ ಷರತ್ತುಗಳನ್ನು ಕನ್ನಡಕ್ಕೆ ತಂದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಮೇಲ್ಮನವಿ ಸೋತರೂ ಷರತ್ತುಗಳು ಕಂಪನಿಯನ್ನು ಬಿಡುವುದಿಲ್ಲ. ಅವುಗಳ ಪಾಲನೆಯ ವರದಿಯನ್ನು ಕಂಪನಿ ಆರು ತಿಂಗಳಿಗೊಮ್ಮೆ ಸಲ್ಲಿಸುತ್ತಿರಬೇಕು. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಸುಪ್ರೀಂ ಕೋರ್ಟಿಗೆ 90 ದಿನ, ಅದೇ ಕಟ್ಟು, ಅದೇ ಘಟನಾವಳಿಯೊಂದಿಗೆ.